ರೇಷ್ಮೆ ಹುಳು ಮನೆಗೆ ಫ್ಯಾನ್: ಐಪಿ 44, ಐಪಿ 55, ಐಪಿಎಕ್ಸ್4, ಯಾವುದನ್ನು ತರಲಿ? ವರ್ಷದಲ್ಲಿ ಎರಡು ಮೋಟಾರು ಸುಟ್ಟವು

ಶಿಡ್ಲಘಟ್ಟದ ಸೊಪ್ಪು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಎರಡು ಎಕರೆ ಹಿಪ್ಪುನೇರಳೆ. 50 ಅಡಿ ಉದ್ದ, 20 ಅಡಿ ಅಗಲದ ಹುಳು ಮನೆ, ರೆಂಬೆ ಪದ್ಧತಿ (ಎಲೆ ಬಿಡಿಸದೆ ರೆಂಬೆಯನ್ನೇ ಹುಳುಗಳಿಗೆ ಹಾಕುವುದು). ಎರಡನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಕಳೆದ ಹುಳುಗಳನ್ನು, ಮರಿ ಹುಳು ಸಾಕುವ ಚಾಕಿ ಕೇಂದ್ರದಿಂದ ತಂದು ಗೂಡು ಕಟ್ಟುವವರೆಗೆ ನಾವೇ ಸಾಕುತ್ತೇವೆ. ಗೋಡೆಯ ಮೇಲ್ಭಾಗದಲ್ಲಿ 15 ಇಂಚಿನ ಎರಡು ಎಕ್ಸಾಸ್ಟ್ ಫ್ಯಾನ್‌ಗಳಿದ್ದವು.

ಕಳೆದ ಬೆಳೆಯಲ್ಲಿ ಹುಳುಗಳ ಕೊನೆಯ, ಐದನೇ ಹಂತದ ನಾಲ್ಕನೇ ರಾತ್ರಿ ಒಂದು ನಿಂತಿತು. ಹುಳು ಸಾಕುವವರಿಗೆ ಆ ಹೊತ್ತು ಎಂಥದ್ದೆಂದು ಗೊತ್ತು. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ಶೇಕಡಾ 80ರಷ್ಟು ಆ ಒಂದು ಹಂತದಲ್ಲೇ ಖರ್ಚಾಗುತ್ತದೆ. ಅಷ್ಟು ಸೊಪ್ಪಿನ ತೇವ, ಹಿಕ್ಕೆಯ ತೇವ, ಹುಳುಗಳ ಉಸಿರು ಎಲ್ಲವೂ ಮನೆಯೊಳಗೇ ಸೇರುತ್ತವೆ. ಬೆಳಿಗ್ಗೆ ಬಾಗಿಲು ತೆಗೆದರೆ ಗಾಳಿ ಮುಖಕ್ಕೆ ಅಂಟಿಕೊಂಡಂತಾಯಿತು. ಹುಳುಗಳ ಹಾಸಿಗೆ ಬೆವತಿತ್ತು. ಆ ಮೂಲೆಯ ಹುಳುಗಳಿಗೆ ಸಪ್ಪೆ ರೋಗ ಬಂದು ಹಾಸಿಗೆಯ ನಾಲ್ಕು ಅಂಕಣ ಹಾಳಾಯಿತು. ಅದಕ್ಕೂ ಎರಡು ಬೆಳೆ ಹಿಂದೆ ಇನ್ನೊಂದು ಫ್ಯಾನ್ ಸುಟ್ಟುಹೋಗಿತ್ತು.

ಈಗ ಅಂಗಡಿಯಲ್ಲಿ ಮೂರು ಫ್ಯಾನ್ ತೋರಿಸಿದ್ದಾರೆ. ಪ್ಲಾಸ್ಟಿಕ್ಕಿನದರ ಮೇಲೆ ಐಪಿಎಕ್ಸ್4 ಎಂದಿದೆ. ಕಬ್ಬಿಣದ್ದರ ಮೇಲೆ ಐಪಿ 44. ಮೂರನೆಯದು ಐಪಿ 55, ಬೆಲೆ ಸುಮಾರು ಎರಡು ಪಟ್ಟು. ‘ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂದು ಹೇಳಿ ಕಳುಹಿಸಿದರು. ಆ ಅಂಕಿ ಏನನ್ನು ಹೇಳುತ್ತದೆ, ನನ್ನ ಮನೆಗೆ ಎಷ್ಟು ಬೇಕು ಎಂದು ತಿಳಿದು ದುಡ್ಡು ಹಾಕಬೇಕೆಂದಿದ್ದೇನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ ಇಂಜಿನಿಯರ್, ಮೈಸೂರು

ನಷ್ಟದ ಸುದ್ದಿ ಕೇಳಿ ಬೇಸರವಾಯಿತು. ಕೊಳ್ಳುವ ಮೊದಲೇ ಕೇಳಿದ್ದೀರಿ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಐಪಿ ಅಂಕಿಗಳು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದಿಂದ ಬಂದವು. ನಮ್ಮಲ್ಲಿ ಅದೇ ಐಎಸ್/ಐಇಸಿ 60529. ಎರಡು ಅಂಕಿಗಳನ್ನು ಕೂಡಿಸಿ ‘ಐವತ್ತೈದು’ ಎಂದು ಓದಬೇಡಿ. ‘ಐದು, ಐದು’ ಎಂದು ಬಿಡಿಯಾಗಿ ಓದಿ. ಮೊದಲನೆಯದು ಗಟ್ಟಿ ವಸ್ತು ಒಳಹೋಗುವುದನ್ನು ಕುರಿತದ್ದು, ಎರಡನೆಯದು ನೀರನ್ನು ಕುರಿತದ್ದು. ಒಂದು ಹೆಚ್ಚಿದ್ದ ಮಾತ್ರಕ್ಕೆ ಇನ್ನೊಂದು ಹೆಚ್ಚಿರುತ್ತದೆ ಎಂದೇನಿಲ್ಲ.

ಮೊದಲ ಅಂಕಿ 2 ಇದ್ದರೆ ಬೆರಳು ಒಳಗಿನ ವಿದ್ಯುತ್ ಭಾಗವನ್ನು ಮುಟ್ಟದು, 12.5 ಮಿಲಿಮೀಟರ್ ಗುಂಡು ಒಳಗೆ ಹೋಗದು. 3 ಎಂದರೆ 2.5 ಮಿಲಿಮೀಟರ್ ದಪ್ಪದ ಕಡ್ಡಿ ಹೋಗದು. 4 ಎಂದರೆ 1 ಮಿಲಿಮೀಟರ್ ತಂತಿ ಹೋಗದು. ಇಲ್ಲಿ ಒಂದು ಕ್ಷಣ ನಿಲ್ಲಿ. ಹುಳು ಸಾಕುವವರು ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ 1 ಮಿಲಿಮೀಟರಿಗಿಂತ ಎಷ್ಟು ಸಣ್ಣದು! ಮೊದಲ ಅಂಕಿ 4 ಇದ್ದರೂ ಈ ಮಾನಕ ಧೂಳಿನ ಮಾತನ್ನೇ ಎತ್ತುವುದಿಲ್ಲ. ಧೂಳಿನ ಪರೀಕ್ಷೆ ಶುರುವಾಗುವುದು 5ರಿಂದ. ಮುಚ್ಚಿದ ಪೆಟ್ಟಿಗೆಯಲ್ಲಿ ನುಣುಪಾದ ಟಾಲ್ಕ್ ಪುಡಿಯನ್ನು ಗಾಳಿಯಲ್ಲಿ ತೇಲಿಸಿ, ಉಪಕರಣವನ್ನು ಗಂಟೆಗಟ್ಟಲೆ ಅದರಲ್ಲಿ ಇಡುತ್ತಾರೆ. ಆ ಪುಡಿ 75 ಮೈಕ್ರೋಮೀಟರ್ ಕಣ್ಣಿನ ಜರಡಿಯಲ್ಲಿ ಇಳಿದದ್ದು. 5 ಎಂದರೆ ಸ್ವಲ್ಪ ಧೂಳು ಒಳಗೆ ಹೋಗಬಹುದು, ಆದರೆ ಕೆಲಸ ಕೆಡಿಸುವಷ್ಟಾಗಲೀ ಅಪಾಯ ತರುವಷ್ಟಾಗಲೀ ಅಲ್ಲ. 6 ಎಂದರೆ ಒಳಗೆ ಹೋಗಲೇಬಾರದು. ಆ ಪರೀಕ್ಷೆಯಲ್ಲಿ ಒಳಗಿನ ಗಾಳಿಯನ್ನು ಹೀರಿ ಒತ್ತಡ ಇಳಿಸಿಯೂ ನೋಡುತ್ತಾರೆ.

ಎರಡನೆಯ ಅಂಕಿಯಲ್ಲಿ 1 ಮತ್ತು 2 ಮೇಲಿನಿಂದ ಬೀಳುವ ಹನಿಗಳಿಗೆ. 3 ಎಂದರೆ ನೆಟ್ಟಗಿನ ಗೆರೆಯಿಂದ 60 ಡಿಗ್ರಿವರೆಗಿನ ಓರೆ ಸಿಂಪಡಣೆ, ಹೆಚ್ಚುಕಡಿಮೆ ಓರೆ ಮಳೆಯ ಹಾಗೆ. 4 ಎಂದರೆ ಎಲ್ಲ ದಿಕ್ಕಿನಿಂದ ಎರಚುವ ನೀರು. 5 ಮತ್ತು 6 ಎಂದರೆ ಪೈಪಿನಿಂದ ನೇರವಾಗಿ ಬಿಡುವ ಧಾರೆ. 7 ಮತ್ತು 8 ಮುಳುಗಿಸುವುದಕ್ಕೆ ಸಂಬಂಧಿಸಿದವು. 2013ರ ತಿದ್ದುಪಡಿಯಲ್ಲಿ 9 ಸೇರಿತು: 80 ಡಿಗ್ರಿ ಬಿಸಿನೀರಿನ ಅತಿ ಒತ್ತಡದ ಧಾರೆ.

ಐಪಿಎಕ್ಸ್4ರಲ್ಲಿರುವ ಎಕ್ಸ್ ಸೊನ್ನೆಯಲ್ಲ. ಧೂಳಿನ ವಿಷಯದಲ್ಲಿ ತಯಾರಕರು ಏನನ್ನೂ ಹೇಳಿಲ್ಲ ಎಂದಷ್ಟೇ ಅರ್ಥ. ಹೇಳದೇ ಇರುವುದನ್ನು ಇದೆ ಎಂದುಕೊಂಡು ದುಡ್ಡು ಕೊಡಬಾರದು. ಹೀಗಾಗಿ ಸುಣ್ಣದ ಮಟ್ಟಿಗೆ ನಿಮ್ಮ ಮೂರು ಫ್ಯಾನ್‌ಗಳಲ್ಲಿ ಮಾತು ಕೊಡುತ್ತಿರುವುದು ಐಪಿ 55 ಒಂದೇ.

ಹೊಸ ಮನೆ ಹೊಸಕೋಟೆ

ಇಷ್ಟೆಲ್ಲ ಲೆಕ್ಕ ಏಕೆ? ಐಪಿ 67 ಹಾಕಿಬಿಡಿ. ನೀರಿನಲ್ಲಿ ಮುಳುಗಿಸಿದರೂ ಏನೂ ಆಗದ ಮೋಟಾರು, ತೊಳೆದರೆ ಏನಾಗುತ್ತದೆ? ಒಂದು ಸಲ ದುಡ್ಡು ಹಾಕಿ ನೆಮ್ಮದಿಯಿಂದ ಇರಿ.

ನಿವೃತ್ತ ಇಂಜಿನಿಯರ್, ಮೈಸೂರು

ನಿಮ್ಮ ಕಾಳಜಿ ಸರಿ, ತೀರ್ಮಾನ ಸರಿಯಲ್ಲ. 7ರ ಪರೀಕ್ಷೆ ಎಂದರೆ 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ. ಎರಡನೆಯ ಅಂಕಿ 6ರವರೆಗೆ ಮಾತ್ರ ದೊಡ್ಡದು ಚಿಕ್ಕದನ್ನು ಒಳಗೊಳ್ಳುತ್ತದೆ. 7ಕ್ಕೆ ಬಂದ ಮೇಲೆ ಆ ಸರಪಳಿ ತುಂಡಾಗುತ್ತದೆ. ನಿಂತ ನೀರಿನಲ್ಲಿ ಗೆದ್ದ ರಬ್ಬರ್ ಸೀಲಿನ ತುಟಿ ಧಾರೆ ಬಡಿದಾಗ ಮಗುಚಿಕೊಳ್ಳಬಹುದು. ಎರಡನ್ನೂ ಗೆದ್ದಿದ್ದರೆ ಐಪಿ 65/67 ಎಂದು ಎರಡು ಅಂಕಿಗಳನ್ನೂ ಬರೆದಿರುತ್ತಾರೆ. ಹುಳು ಮನೆಯಲ್ಲಿ ಫ್ಯಾನ್ ಮುಳುಗುವ ಸಂದರ್ಭವೇ ಬರುವುದಿಲ್ಲ, ಅದಕ್ಕೇಕೆ ಬೆಲೆ ತೆರಬೇಕು?

ವೈಂಡಿಂಗ್ ಅಂಗಡಿ

ಮೂವತ್ತು ವರ್ಷದಿಂದ ಸುಟ್ಟ ಮೋಟಾರುಗಳನ್ನೇ ಬಿಚ್ಚುತ್ತಿದ್ದೇನೆ. ಶಿಡ್ಲಘಟ್ಟದ ಅಣ್ಣ, ಹೊಸದನ್ನು ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಹಳೆಯ ಎರಡೂ ಮೋಟಾರುಗಳನ್ನು ಗುಜರಿಗೆ ಹಾಕಬೇಡಿ. ಬಿಚ್ಚಿ ನೋಡಿ. ಶಾಫ್ಟಿನ ಸುತ್ತ ಏನು ಅಂಟಿದೆ, ತಾಮ್ರದ ತಂತಿ ಯಾವ ಬಣ್ಣಕ್ಕೆ ತಿರುಗಿದೆ, ವೈರು ಒಳಗೆ ಹೋಗುವ ತೂತಿನ ಹತ್ತಿರ ಹೇಗಿದೆ, ಬೇರಿಂಗ್ ಕೈಯಲ್ಲಿ ತಿರುಗುತ್ತದೆಯೇ? ಈ ನಾಲ್ಕನ್ನು ಹೇಳಿದರೆ ಮೋಟಾರು ಯಾವ ದಾರಿಯಿಂದ ಸತ್ತಿತು ಎಂದು ಹೇಳಬಲ್ಲೆ. ಆ ದಾರಿ ಮುಚ್ಚದಿದ್ದರೆ ಯಾವ ಅಂಕಿಯದನ್ನು ತಂದರೂ ಅದೇ ದಾರಿಯಲ್ಲಿ ಹೋಗುತ್ತದೆ.

ಶಿಡ್ಲಘಟ್ಟದ ಸೊಪ್ಪು

ಬಿಚ್ಚಿದೆ ಅಣ್ಣ. ಒಂದರಲ್ಲಿ ಬೇರಿಂಗ್ ಕಲ್ಲಾಗಿದೆ. ಶಾಫ್ಟಿನ ಸುತ್ತ ಸುಣ್ಣ ಗಾರೆಯಂತೆ ಗಟ್ಟಿಯಾಗಿ ಕೂತಿದೆ, ಉಳಿಯಿಂದ ಕೆತ್ತಬೇಕಾಯಿತು. ಇನ್ನೊಂದರಲ್ಲಿ ಬೇರಿಂಗ್ ಚೆನ್ನಾಗಿದೆ. ಆದರೆ ತಂತಿಯ ತುದಿಗಳು ಹಸಿರು, ಸುರುಳಿಯ ಕೆಳಭಾಗ ಕಪ್ಪು. ವೈರಿನ ತೂತಿಗೆ ಏನೂ ಇಲ್ಲ, ಬರಿಯ ತೂತು. ವೈರು ಮೇಲಿನಿಂದ ಇಳಿದು ನೇರವಾಗಿ ಒಳಗೆ ಹೋಗುತ್ತದೆ.

ನಾವು ಮಾಡುವುದನ್ನೂ ಹೇಳುತ್ತೇನೆ. ಪ್ರತಿ ಬೆಳೆ ಮುಗಿದ ಮೇಲೆ ಮನೆಯನ್ನು ತೊಳೆದು, ಶೇಕಡಾ 2ರ ಬ್ಲೀಚಿಂಗ್ ಪುಡಿಗೆ ಶೇಕಡಾ 0.3ರಷ್ಟು ಸುಣ್ಣ ಸೇರಿಸಿದ ದ್ರಾವಣವನ್ನು ಗೋಡೆ, ಸೂರು, ನೆಲಕ್ಕೆಲ್ಲ ಪವರ್ ಸ್ಪ್ರೇಯರಿನಿಂದ ಹೊಡೆಯುತ್ತೇವೆ. ಫ್ಯಾನ್‌ಗೂ ಹೊಡೆಯುತ್ತೇವೆ, ರೋಗಾಣು ಅಲ್ಲಿಯೂ ಕೂತಿರುತ್ತದಲ್ಲ. ಜ್ವರದ ಹೊತ್ತಿನಲ್ಲಿ ಹಾಸಿಗೆ ಒಣಗಲೆಂದು ಸುಣ್ಣ, ಜ್ವರ ಬಿಟ್ಟ ಮೇಲೆ ಸೋಂಕು ನಿವಾರಕ ಪುಡಿ ಉದುರಿಸುತ್ತೇವೆ. ಆಗ ಗಂಟಲು ಕೆರೆಯುತ್ತದೆ ಎಂದು ಫ್ಯಾನ್ ಹಾಕಿಕೊಂಡೇ ಉದುರಿಸುವುದು ಅಭ್ಯಾಸ.

ವೈಂಡಿಂಗ್ ಅಂಗಡಿ

ಎಲ್ಲವೂ ನಿಮ್ಮ ಮಾತಿನಲ್ಲೇ ಇದೆ. ಮೊದಲನೆಯದು ಧೂಳಿನಿಂದ ಸತ್ತದ್ದು. ತೇಲುವ ಸುಣ್ಣವನ್ನು ಫ್ಯಾನ್ ಎಳೆದು ತನ್ನ ಮೋಟಾರಿನ ಮೇಲೆಯೇ ಹರಿಸಿಕೊಂಡಿದೆ. ಆಮೇಲೆ ನೀರು ತಾಗಿದೆ, ಸುಣ್ಣ ಗಾರೆಯಾಗಿದೆ. ಎರಡನೆಯದು ನೀರಿನಿಂದ. ವೈರನ್ನೇ ದಾರಿ ಮಾಡಿಕೊಂಡು ನೀರು ಇಳಿದಿದೆ. ಅದು ಬರಿಯ ನೀರೂ ಅಲ್ಲ, ಬ್ಲೀಚಿಂಗ್ ನೀರು. ತಾಮ್ರ ಹಸಿರಾದದ್ದು ಅದಕ್ಕೆ.

ನನ್ನ ಬೆಂಚಿಗೆ ಬರುವ ಮುಚ್ಚಿದ ಮೋಟಾರುಗಳಲ್ಲಿ ಹೊರಕವಚ ಸೀಳಿ ನೀರು ಹೋದದ್ದು ಅಪರೂಪ. ಶಾಫ್ಟ್, ವೈರಿನ ತೂತು, ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ, ಈ ಮೂರರಲ್ಲೇ ಎಲ್ಲವೂ ನಡೆಯುತ್ತದೆ. ಐಪಿ 55 ಎಂದು ಫಲಕ ಇರುವ ಮೋಟಾರಿಗೆ ವೈರು ಜೋಡಿಸುವವನು ರಬ್ಬರ್ ವಾಷರ್ ಎಸೆದು, ಗ್ಲ್ಯಾಂಡ್ (ವೈರನ್ನು ಬಿಗಿಯಾಗಿ ಹಿಡಿದು ತೂತು ಮುಚ್ಚುವ ಬಿಗಿಪು) ಹಾಕದೆ, ಎರಡು ಸುತ್ತು ಟೇಪ್ ಸುತ್ತಿ ಹೋದನೆಂದರೆ ಆ ಐದೂ ಉಳಿಯಲಿಲ್ಲ, ಈ ಐದೂ ಉಳಿಯಲಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ರೈತ ಎರಡು ಪಟ್ಟು ದುಡ್ಡು ಕೊಟ್ಟಿರುತ್ತಾನೆ, ಒಂದು ಗ್ಲ್ಯಾಂಡಿಗಾಗಿ ಎಲ್ಲವೂ ನೀರುಪಾಲು.

ಅಂಗಡಿಯಲ್ಲಿ ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿ. ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಇರಬೇಕು. ಬಳಸದ ತೂತಿಗೆ ತಿರುಪಿನ ಮುಚ್ಚಳ ಇರಬೇಕು. ಶಾಫ್ಟ್ ಹೊರಬರುವ ಕಡೆ ರಬ್ಬರ್ ಸೀಲ್ ಕಾಣಬೇಕು. ಬೇರಿಂಗ್ ಯಾವುದು ಎಂದು ಕೇಳಿ. ತಗಡಿನ ಮುಚ್ಚಳದ್ದಕ್ಕಿಂತ ಎರಡೂ ಕಡೆ ರಬ್ಬರ್ ಮುಚ್ಚಳ ಇರುವುದು ನಿಮ್ಮಲ್ಲಿ ಬಾಳುತ್ತದೆ. ಕೆಪಾಸಿಟರ್ ಎಲ್ಲಿದೆ ಎಂಬುದನ್ನೂ ನೋಡಿ. ಮೋಟಾರು ಮುಚ್ಚಿದ್ದು, ಕೆಪಾಸಿಟರ್ ಮಾತ್ರ ಹೊರಗೆ ಬರಿಮೈಯಲ್ಲಿ ನೇತಾಡುವ ಫ್ಯಾನ್‌ಗಳಿವೆ. ಹಾಗಿದ್ದರೆ ಆ ಅಂಕಿ ಫ್ಯಾನಿನದಲ್ಲ, ಮೋಟಾರಿನದು ಮಾತ್ರ.

ನಿವೃತ್ತ ಇಂಜಿನಿಯರ್, ಮೈಸೂರು

ಪವರ್ ಸ್ಪ್ರೇಯರ್ ಎಂದು ಓದಿ ಬೆಚ್ಚಿದೆ. ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಮನಸ್ಸಿಟ್ಟು ಓದಿ.

ಎರಡನೆಯ ಅಂಕಿ 5ರ ಪರೀಕ್ಷೆಯಲ್ಲಿ 6.3 ಮಿಲಿಮೀಟರ್ ಬಾಯಿಯ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎರಡೂವರೆಯಿಂದ ಮೂರು ಮೀಟರ್ ದೂರದಲ್ಲಿ ನಿಂತು ಹೊಡೆಯುತ್ತಾರೆ. ನೀರಿನ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಏಳು ಮೀಟರಿಗಿಂತ ಸ್ವಲ್ಪ ಕಡಿಮೆ. ಒತ್ತಡವಾಗಿ ಹೇಳಿದರೆ ಸುಮಾರು ಕಾಲು ಬಾರ್, ಅಂದರೆ ಎರಡೂವರೆ ಮೀಟರ್ ಎತ್ತರದ ತೊಟ್ಟಿಯಿಂದ ಕೊಳಾಯಿಗೆ ಬರುವ ಒತ್ತಡದಷ್ಟು. 6ರ ಪರೀಕ್ಷೆಯಲ್ಲಿ ನಳಿಕೆಯ ಬಾಯಿ 12.5 ಮಿಲಿಮೀಟರ್, ನೀರು ನಿಮಿಷಕ್ಕೆ 100 ಲೀಟರ್. ಆದರೂ ಒತ್ತಡ ಒಂದು ಬಾರ್ ಮುಟ್ಟುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ 20 ಬಾರ್ ದಾಟುತ್ತದೆ, ಅದನ್ನು ನೀವು ಕೈಯಳತೆಯಲ್ಲಿ ಹಿಡಿಯುತ್ತೀರಿ. ಐಪಿ 55 ಫಲಕ ಅಂಥ ಧಾರೆಗೆ ಕೊಟ್ಟ ಮಾತಲ್ಲ.

ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ, ಹೊಸ ಮೋಟಾರಿನ ಮೇಲೆ. ಬ್ಲೀಚಿಂಗ್, ಉಪ್ಪು, ಎಣ್ಣೆಯ ಆವಿ, ಬಿಸಿಲಿಗೆ ಒಣಗಿ ಬಿರುಕು ಬಿಡುವ ರಬ್ಬರ್ ಇವ್ಯಾವುವೂ ಈ ಎರಡು ಅಂಕಿಗಳ ಲೆಕ್ಕದಲ್ಲಿಲ್ಲ. ಆದ್ದರಿಂದ ಐಪಿ 55 ತನ್ನಿ, ಜೊತೆಗೆ ಸ್ಪ್ರೇಯರನ್ನು ಫ್ಯಾನಿನಿಂದ ದೂರವಿಡಿ. ರೆಕ್ಕೆ, ಚೌಕಟ್ಟು, ಜಾಲರಿಗಳನ್ನು ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತಿನ ನಂತರ ಒದ್ದೆ ಬಟ್ಟೆಯಿಂದ ಮತ್ತೆ ಒರೆಸಿ. ಸೋಂಕು ನಿವಾರಣೆಯೂ ಆಗುತ್ತದೆ, ಮೋಟಾರೂ ಉಳಿಯುತ್ತದೆ. ಇದನ್ನೆಲ್ಲ ಮಾಡುವಾಗ ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು, ಬೋರ್ಡಿನಲ್ಲಿರುವ ಎಂಸಿಬಿ ಇಳಿಸಿ. ಒದ್ದೆ ನೆಲದ ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಫ್ಯಾನಿಗಿಂತ ಮೊದಲು ಅದನ್ನು ಹಾಕಿಸಿ. ಹುಳುಗಳ ಮಾತು ಆಮೇಲೆ, ಮೊದಲು ನಿಮ್ಮ ಜೀವ.

ಕೋಳಿ ಮನೆ, ದಾವಣಗೆರೆ

ನಮ್ಮದು ಕೋಳಿ ಫಾರಂ, 50 ಇಂಚಿನ ಫ್ಯಾನ್‌ಗಳು. ಒಂದು ತಂಡ ಹೊರಹೋದ ಮೇಲೆ ಇಡೀ ಶೆಡ್ ತೊಳೆಯುವುದೇ. ನಮ್ಮ ಮೋಟಾರುಗಳೆಲ್ಲ ಐಪಿ 55. ಆದರೂ ಮೊದಲ ವರ್ಷ ಮೂರು ಹೋದವು. ಆಮೇಲೆ ತೊಳೆಯುವ ದಿನ ಪ್ರತಿ ಮೋಟಾರಿಗೆ ದಪ್ಪ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿಗೆ ಹಳೆಯ ಸೈಕಲ್ ಟ್ಯೂಬ್ ಬಿಗಿಯುವುದನ್ನು ರೂಢಿಸಿಕೊಂಡೆವು. ಕೆಲಸ ಮುಗಿದ ತಕ್ಷಣ ಚೀಲ ತೆಗೆಯಬೇಕು, ಮರೆತು ಫ್ಯಾನ್ ಹಾಕಿದರೆ ಮೋಟಾರು ಉಸಿರುಕಟ್ಟಿ ಬಿಸಿಯಾಗುತ್ತದೆ. ಚೀಲಗಳಿಗೆ ಅಂಕಿ ಬರೆದು ಮೊಳೆಗೆ ನೇತುಹಾಕುತ್ತೇವೆ. ಮೊಳೆ ಖಾಲಿ ಕಂಡರೆ ಆ ಚೀಲ ಇನ್ನೂ ಮೋಟಾರಿನ ಮೇಲಿದೆ ಎಂದು ಗೊತ್ತಾಗುತ್ತದೆ.

ಮಲ್ಪೆ ಕಡಲು

ಶುದ್ಧ ನೀರಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮೀನು ಶೆಡ್ಡಿನಲ್ಲಿ ಐಪಿ 55 ಫ್ಯಾನ್ ಎರಡು ಮಳೆಗಾಲ ಕಂಡಿತು. ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ, ಸುರುಳಿ ಹೊಸದರಂತಿತ್ತು. ಆದರೆ ಚೌಕಟ್ಟಿನ ಬೋಲ್ಟುಗಳು ಉಪ್ಪುಗಾಳಿಗೆ ತಿಂದುಹೋಗಿ ಇಡೀ ಫ್ಯಾನ್ ಒಂದು ಕಡೆ ಜೋತುಬಿತ್ತು. ಈಗ ಸ್ಟೇನ್‌ಲೆಸ್ ಬೋಲ್ಟು, ಎಪಾಕ್ಸಿ ಬಣ್ಣ, ವರ್ಷಕ್ಕೊಮ್ಮೆ ಗ್ರೀಸು. ಬ್ಲೀಚಿಂಗ್ ಬಳಸುವವರೂ ಬೋಲ್ಟುಗಳ ಮೇಲೆ ಒಂದು ಕಣ್ಣಿಡಿ.

ಕನಕಪುರದ ಗೂಡು

ನಾನೂ ರೇಷ್ಮೆಯವನೇ. ಎಲ್ಲರೂ ಮೋಟಾರನ್ನು ಗಟ್ಟಿ ಮಾಡುವ ದಾರಿ ಹೇಳುತ್ತಿದ್ದೀರಿ. ನಾನು ಮಾಡಿದ್ದು ಬೇರೆ. ಧೂಳು ಮೋಟಾರಿನ ಮೇಲೆ ಹಾಯದಂತೆ ಫ್ಯಾನಿನ ಜಾಗವನ್ನೇ ಬದಲಿಸಿದೆ.

ಮೊದಲು ನನ್ನದೂ ಒಳಗಿನ ಗಾಳಿಯನ್ನು ಹೊರದಬ್ಬುವ ಎಕ್ಸಾಸ್ಟ್. ಮನೆಯ ಸುಣ್ಣ, ತೇವ, ಬಿಸಿ ಎಲ್ಲವೂ ಮೋಟಾರಿನ ಮೈಮೇಲೆ ಹಾದೇ ಹೊರಹೋಗಬೇಕು. ಈಗ ಉತ್ತರದ ಗೋಡೆಯಲ್ಲಿ, ಸೂರಿನ ನೆರಳಿನಲ್ಲಿ, ಹೊರಗಿನ ಗಾಳಿಯನ್ನು ಒಳದಬ್ಬುವ ಹಾಗೆ ಕೂರಿಸಿದ್ದೇನೆ. ಎದುರು ಗೋಡೆಯ ಮೇಲಿನ ಕಿಂಡಿಗಳಿಂದ ಒಳಗಿನ ಗಾಳಿ ತಾನಾಗಿ ಹೊರಹೋಗುತ್ತದೆ. ಮೋಟಾರು ಯಾವಾಗಲೂ ಹೊರಗಿನ ಒಣ ಗಾಳಿಯಲ್ಲಿ ಇರುತ್ತದೆ. ಗಾಳಿ ನೇರವಾಗಿ ಹಾಸಿಗೆಗೆ ಬಡಿದರೆ ಸೊಪ್ಪು ಬಾಡುತ್ತದೆ, ಅದಕ್ಕಾಗಿ ಫ್ಯಾನಿನ ಮುಂದೆ ಒಂದು ಅಡಿ ಬಿಟ್ಟು ಹಲಗೆ ಕಟ್ಟಿ ಗಾಳಿಯನ್ನು ಸೂರಿನ ಕಡೆಗೆ ತಿರುಗಿಸಿದ್ದೇನೆ.

ರೇಷ್ಮೆ ಹುಳುಗಳನ್ನು ಕಾಡುವ ಊಜಿ ನೊಣಕ್ಕೆ ಬಲೆ ಬೇಕೇ ಬೇಕು. ಆದರೆ ಬಲೆಯನ್ನು ಫ್ಯಾನಿನ ಬಾಯಿಗೇ ಬಿಗಿಯಬೇಡಿ, ನಾಲ್ಕು ದಿನದಲ್ಲಿ ಧೂಳು ಕಟ್ಟಿ ಗಾಳಿ ಅರ್ಧವಾಗುತ್ತದೆ. ಹೊರಗಡೆ ಪೆಟ್ಟಿಗೆಯಂತೆ ದೊಡ್ಡ ಚೌಕಟ್ಟು ಮಾಡಿ ಅದಕ್ಕೆ ಬಲೆ ಹೊಡೆಯಿರಿ, ಫ್ಯಾನಿನ ಬಾಯಿಯ ಮೂರು ನಾಲ್ಕು ಪಟ್ಟು ವಿಸ್ತಾರ ಇರಲಿ. ಗಾಳಿಯನ್ನು ತಿನ್ನುವುದು ಬಲೆ ಮತ್ತು ಫ್ಯಾನಿನ ಬಾಯಿ ಮುಚ್ಚುವ ಪಟ್ಟಿಗಳೇ ಹೊರತು ಐಪಿ ಅಂಕಿಯಲ್ಲ.

ನಿವೃತ್ತ ಇಂಜಿನಿಯರ್, ಮೈಸೂರು

ಕನಕಪುರದವರ ಮಾತು ನನ್ನ ಅಷ್ಟುದ್ದದ ಬರಹಕ್ಕಿಂತ ಹೆಚ್ಚು ಬಾಳುತ್ತದೆ. ಮೋಟಾರು ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಅಲ್ಲಿಗೆ ಬರುವ ಧೂಳು ಎಷ್ಟು, ನೀರು ಯಾವ ದಿಕ್ಕಿನದು ಎಂದು ನೋಡಿ, ಕೊನೆಗೆ ಅಂಕಿ ಆರಿಸಬೇಕು. ನಾನು ಅಂಕಿಯಿಂದ ಶುರುಮಾಡಿದ್ದೆ.

ಲೀಡ್ಸ್ ಕನ್ನಡತಿ

ಈ ಚರ್ಚೆಯನ್ನು ನನ್ನ ತಂದೆಯವರಿಗೂ ಕಳುಹಿಸಿದೆ. ತುಮಕೂರಿನ ಮನೆಯ ಬಚ್ಚಲಿಗೆ ಫ್ಯಾನ್ ಹಾಕಿಸಬೇಕಿದೆ. ನಾನಿರುವ ಇಂಗ್ಲೆಂಡಿನಲ್ಲಿ ವೈರಿಂಗ್ ನಿಯಮಗಳು ಬಚ್ಚಲನ್ನು ವಲಯಗಳಾಗಿ ವಿಂಗಡಿಸುತ್ತವೆ. ಸ್ನಾನದ ತೊಟ್ಟಿ ಅಥವಾ ಶವರಿನ ನೇರ ಮೇಲೆ 2.25 ಮೀಟರ್ ಎತ್ತರದವರೆಗೆ ವಲಯ ಒಂದು, ಅದರಾಚೆ 60 ಸೆಂಟಿಮೀಟರ್ ವಲಯ ಎರಡು. ಎರಡರಲ್ಲೂ ಕನಿಷ್ಠ ಐಪಿಎಕ್ಸ್4 ಇರಬೇಕು. ಊರಿನ ಮನೆಗೂ ಅದೇ ಸಾಕೇ? ಹಂಡೆಯ ಬಿಸಿನೀರು, ಒಳಗೆಲ್ಲ ಹಬೆ.

ನಿವೃತ್ತ ಇಂಜಿನಿಯರ್, ಮೈಸೂರು

ಎರಚುವ ನೀರಿಗೆ ಐಪಿಎಕ್ಸ್4 ಸಾಕು, ತಾಯಿ. ಹಬೆ ಬೇರೆ ವಿಷಯ. ಹಬೆ ಹೊರಗಿನ ತಣ್ಣನೆಯ ಕೊಳವೆಯಲ್ಲಿ ನೀರಾಗಿ ಹಿಂದಕ್ಕೆ ಹರಿದು ಮೋಟಾರಿನ ಮೇಲೆ ತೊಟ್ಟಿಕ್ಕುತ್ತದೆ. ಕೊಳವೆಯನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಹಾಕಿಸಿ. ಸ್ನಾನ ಮುಗಿದ ಮೇಲೂ ಹದಿನೈದು ನಿಮಿಷ ಫ್ಯಾನ್ ತಿರುಗಲಿ, ಒಳಗೆ ಉಳಿದ ತೇವ ಒಣಗುತ್ತದೆ. ಸ್ವಿಚ್ಚು ಬಚ್ಚಲಿನ ಹೊರಗಿರಲಿ.

ಕಲಬುರಗಿ ತೊಗರಿ

ನಮ್ಮ ದಾಲ್ ಮಿಲ್ಲಿನಲ್ಲಿ ಹೊಟ್ಟಿನ ಧೂಳು ವಿಪರೀತ. ಮೇಲೆ ಹೇಳಿದ್ದನ್ನೆಲ್ಲ ಓದಿ, ನಮಗೆ ನೀರಿನ ಕಾಟ ಇಲ್ಲವಾದ್ದರಿಂದ ಮೊದಲ ಅಂಕಿ 6 ಇರುವ ಫ್ಯಾನ್ ತಂದರೆ ಚಿಂತೆ ಇಲ್ಲ ಎಂದುಕೊಂಡಿದ್ದೇನೆ. ಸರಿಯೇ ಸರ್?

ನಿವೃತ್ತ ಇಂಜಿನಿಯರ್, ಮೈಸೂರು

ಇದಕ್ಕೆ ಅವಸರದ ಉತ್ತರ ಕೊಡಲಾರೆ. ಸುಣ್ಣದ ಧೂಳು ಉರಿಯುವುದಿಲ್ಲ. ತೊಗರಿಯ ಧೂಳು, ಹಿಟ್ಟು, ಹತ್ತಿಯ ನಾರು ಉರಿಯುತ್ತವೆ. ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಕಿಡಿ ಸಿಕ್ಕರೆ ಸಿಡಿಯುತ್ತವೆ. ಮೊದಲ ಅಂಕಿ 6 ಎಂದರೆ ಧೂಳು ಒಳಗೆ ಹೋಗದು ಎಂದಷ್ಟೇ. ಹೊರಮೈ ಎಷ್ಟು ಬಿಸಿಯಾಗುತ್ತದೆ, ರೆಕ್ಕೆ ಚೌಕಟ್ಟಿಗೆ ತಾಗಿ ಕಿಡಿ ಹಾರುತ್ತದೆಯೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಥ ಜಾಗಗಳಿಗೆ ಐಇಸಿ 60079 ಸರಣಿಯ ಪ್ರಕಾರ ಪ್ರಮಾಣೀಕರಿಸಿದ ಉಪಕರಣಗಳು ಬೇರೆಯೇ ಇವೆ. ಅವುಗಳ ಫಲಕದಲ್ಲಿ ಹೊರಮೈಯ ಗರಿಷ್ಠ ತಾಪಮಾನವನ್ನೂ ಬರೆದಿರುತ್ತಾರೆ. ಐದು ಮಿಲಿಮೀಟರ್ ದಪ್ಪ ಕೂತ ಧೂಳು ಹೊತ್ತಿಕೊಳ್ಳುವ ತಾಪಮಾನಕ್ಕಿಂತ ಆ ಹೊರಮೈ ಕನಿಷ್ಠ 75 ಡಿಗ್ರಿ ಕೆಳಗಿರಬೇಕೆಂಬುದು ಅಲ್ಲಿನ ಒಂದು ನಿಯಮ. ಧೂಳು ಕಂಬಳಿಯಂತೆ ಮೋಟಾರಿನ ಶಾಖವನ್ನು ಹಿಡಿದಿಡುತ್ತದೆ, ಆದ್ದರಿಂದ ದಪ್ಪ ಹೆಚ್ಚಿದಷ್ಟೂ ಅಪಾಯ.

ನಿಮ್ಮ ಮಿಲ್ಲಿಗೆ ಯಾವ ವರ್ಗದ್ದು ಬೇಕೆಂದು ಸ್ಥಳಕ್ಕೆ ಬಂದು ನೋಡಬಲ್ಲ ತಜ್ಞರಿಂದ ಬರೆಸಿಕೊಳ್ಳಿ. ಅಲ್ಲಿಯವರೆಗೆ ತೊಲೆಗಳ ಮೇಲೆ, ಮೋಟಾರಿನ ಮೇಲೆ ಕೂತ ಧೂಳನ್ನು ದಿನವೂ ತೆಗೆಸಿ. ಗಾಳಿ ಊದಿ ಎಬ್ಬಿಸಬೇಡಿ, ಗುಡಿಸಿ ತೆಗೆಯಿರಿ.

ಕಲಬುರಗಿ ತೊಗರಿ

ಸರ್, ಇವತ್ತೇ ತೊಲೆಗಳನ್ನು ಗುಡಿಸಲು ಹೇಳಿದ್ದೇನೆ. ಇಷ್ಟು ವರ್ಷ ಗಾಳಿ ಊದುತ್ತಲೇ ಬಂದಿದ್ದೆವು.

ಹೊಸ ಮನೆ ಹೊಸಕೋಟೆ

ಒಪ್ಪಿದೆ, 67ರ ಮಾತು ಬಿಡುತ್ತೇನೆ. ಆದರೆ ಇನ್ನೊಂದು ಪ್ರಶ್ನೆ. ಸಾಧಾರಣ ಫ್ಯಾನ್ ತಂದು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಒಟ್ಟು ಖರ್ಚು ಅಷ್ಟೇ ಅಲ್ಲವೇ?

ಶಿಡ್ಲಘಟ್ಟದ ಸೊಪ್ಪು

ಫ್ಯಾನಿನ ಖರ್ಚು ಅಷ್ಟೇ ಇರಬಹುದು ಸರ್. ಆದರೆ ಅದು ಹೇಳಿ ಕೇಳಿ ನಿಲ್ಲುವುದಿಲ್ಲ. ನನ್ನದು ನಿಂತದ್ದು ಹುಳು ಹಣ್ಣಾಗಲು (ಗೂಡು ಕಟ್ಟಲು ಸಿದ್ಧವಾಗಲು) ಮೂರು ದಿನ ಇದ್ದಾಗ. ಎರಡು ವಾರ ಹಗಲು ರಾತ್ರಿ ಸೊಪ್ಪು ಹಾಕಿದ ನನ್ನ ಹೆಂಡತಿ ಆ ಬೆಳಿಗ್ಗೆ ಹಾಳಾದ ಹುಳುಗಳನ್ನು ಬುಟ್ಟಿಗೆ ಆರಿಸಿ ಹಾಕುತ್ತಿದ್ದುದನ್ನು ನೋಡಿದ್ದೇನೆ. ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ?

ವೈಂಡಿಂಗ್ ಅಂಗಡಿ

ಒಂದು ಮಾತು ಬಿಟ್ಟುಹೋಗಿತ್ತು. ಮುಚ್ಚಿದ ಮೋಟಾರು ಕೂಡ ಉಸಿರಾಡುತ್ತದೆ. ತಿರುಗುವಾಗ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ನಿಂತಾಗ ತಣ್ಣಗಾಗಿ ಹೊರಗಿನ ತೇವದ ಗಾಳಿಯನ್ನು ಶಾಫ್ಟಿನ ಸಂದಿನಿಂದ ಎಳೆದುಕೊಳ್ಳುತ್ತದೆ. ಆ ತೇವ ಒಳಗೆ ಹನಿಯಾಗುತ್ತದೆ. ಹಾಗೆ ಬಂದ ನೀರು ಹೊರಹೋಗಲೆಂದೇ ಕೆಲವು ಮೋಟಾರುಗಳ ತಳದಲ್ಲಿ ಸಣ್ಣ ತೂತು ಮತ್ತು ಅದಕ್ಕೊಂದು ಬಿರಡೆ ಇರುತ್ತದೆ. ಕೂರಿಸುವಾಗ ಮೋಟಾರನ್ನು ತಿರುಗಿಸಿ ಹಾಕಿದರೆ ತಳದ ತೂತು ಮೇಲಕ್ಕೆ ಬಂದು, ನೀರು ಹೊರಹೋಗುವ ಬದಲು ಒಳಗೆ ಬರುತ್ತದೆ. ಎಷ್ಟೋ ಜನ ‘ನೀರು ಹೋದೀತು’ ಎಂದು ಆ ತೂತಿಗೆ ಎಂ-ಸೀಲ್ ತುಂಬುತ್ತಾರೆ. ದಯವಿಟ್ಟು ತುಂಬಬೇಡಿ. ಬಿರಡೆ ತೆಗೆದಾಗ ಫಲಕದ ಅಂಕಿ ಹಾಗೆಯೇ ಉಳಿಯುತ್ತದೆಯೇ ಎಂಬುದು ಫ್ಯಾನಿನ ಜೊತೆ ಬಂದ ಪುಸ್ತಿಕೆಯಲ್ಲಿ ಇರುತ್ತದೆ, ಓದಿಸಿಕೊಳ್ಳಿ.

ಶಿಡ್ಲಘಟ್ಟದ ಸೊಪ್ಪು

ಎಲ್ಲರಿಗೂ ಮಾತು ಕೊಟ್ಟಿದ್ದೆ, ಒಂದು ಬೆಳೆ ತೆಗೆದು ಬರೆಯುತ್ತಿದ್ದೇನೆ.

ಐಪಿ 55 ಮೋಟಾರಿನ ಫ್ಯಾನ್‌ಗಳನ್ನೇ ತಂದೆ. ಕೆಪಾಸಿಟರ್ ಟರ್ಮಿನಲ್ ಪೆಟ್ಟಿಗೆಯೊಳಗೇ ಇದೆ. ಒಂದನ್ನು ಕನಕಪುರದವರು ಹೇಳಿದಂತೆ ಒಳದಬ್ಬುವ ಹಾಗೆ ಉತ್ತರದ ಗೋಡೆಗೆ ಕೂರಿಸಿದೆ, ಹೊರಗೆ ಬಲೆಯ ಪೆಟ್ಟಿಗೆ. ಇನ್ನೊಂದು ಎಕ್ಸಾಸ್ಟ್ ಆಗಿಯೇ ಇದೆ, ಸೆಕೆಯ ದಿನ ಮಾತ್ರ ಹಾಕುತ್ತೇನೆ. ಅಂಗಡಿಯವರು ಕೊಟ್ಟ ಗ್ಲ್ಯಾಂಡಿನಲ್ಲಿ ನಮ್ಮ ವೈರು ಸಡಿಲವಾಗಿತ್ತು, ದುಂಡು ಕೇಬಲ್ ತಂದು ಸರಿಯಾದ ಅಳತೆಯದನ್ನು ಹಾಕಿಸಿದೆ. ವೈರು ಕೆಳಗೆ ಬಾಗಿ ಮತ್ತೆ ಮೇಲೇರಿ ಪೆಟ್ಟಿಗೆಗೆ ಹೋಗುತ್ತದೆ, ಹನಿ ಬಾಗಿನಲ್ಲೇ ಉದುರಿಬಿಡುತ್ತದೆ. ಆರ್‌ಸಿಸಿಬಿಯನ್ನೂ ಹಾಕಿಸಿದೆ. ಸುಣ್ಣ ಉದುರಿಸುವಾಗ ಎರಡೂ ಫ್ಯಾನ್ ನಿಲ್ಲಿಸಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಪುಡಿ ಕೂತ ಮೇಲೆ ಹಾಕುತ್ತೇವೆ. ಇದೊಂದನ್ನು ರೂಢಿಸಿಕೊಳ್ಳಲು ಮನೆಯವರಿಗೆಲ್ಲ ಸಮಯ ಹಿಡಿಯಿತು.

ಬೆಳೆ ಮುಗಿದ ಮೇಲೆ ಎಂಸಿಬಿ ಇಳಿಸಿ ಎರಡೂ ಪೆಟ್ಟಿಗೆ ತೆಗೆದು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಒಳದಬ್ಬುವ ಫ್ಯಾನಿನದು ಶುಭ್ರವಾಗಿತ್ತು. ಎಕ್ಸಾಸ್ಟಿನದರಲ್ಲಿ ಬೆರಳಿಗೆ ಅಂಟುವಷ್ಟು ಸುಣ್ಣ ಸಿಕ್ಕಿತು, ತಳದ ಬಿರಡೆ ತೆಗೆದಾಗ ನಾಲ್ಕೈದು ಹನಿ ನೀರು ಬಿತ್ತು. ವೈಂಡಿಂಗ್ ಅಣ್ಣ, ಇದು ಚಿಂತೆ ಮಾಡುವಂಥದ್ದೇ?

ವೈಂಡಿಂಗ್ ಅಂಗಡಿ

ನೀರಿಗೆ ಚಿಂತೆ ಬೇಡ, ಅದು ಉಸಿರಿನ ನೀರು. ತೂತು ಇರುವುದೇ ಅದಕ್ಕೆ. ಸುಣ್ಣಕ್ಕೆ ಪೆಟ್ಟಿಗೆಯ ಗ್ಯಾಸ್ಕೆಟ್ ನೋಡಿ. ಮೂಲೆಯಲ್ಲಿ ಮಡಚಿ ಕೂತಿರಬೇಕು. ತೆಗೆದು ಒರೆಸಿ, ನೇರ ಮಾಡಿ ಕೂರಿಸಿ, ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಮೂಲೆ ಎದ್ದು ನಿಲ್ಲುತ್ತದೆ.

ಶಿಡ್ಲಘಟ್ಟದ ಸೊಪ್ಪು

ಹಾಗೆಯೇ ಇತ್ತು ಅಣ್ಣ, ಬಲಗಡೆಯ ಕೆಳಮೂಲೆಯಲ್ಲಿ ಮಡಚಿತ್ತು. ಸರಿಮಾಡಿದೆ. ಚಾಕಿ ಹುಳು ಸೋಮವಾರ ಬರುತ್ತದೆ, ಅಷ್ಟರೊಳಗೆ ಬಲೆಯ ಪೆಟ್ಟಿಗೆಯನ್ನು ತೊಳೆದು ಒಣಗಿಸಬೇಕು.